ಮುಂದೆ ಹಸಿರೆಲೆ, ಹಿಂದೆ ಇರುವೆ ಸಾಲು

ಈಗ ಎಲ್ಲರಿಗೂ ಕೆಮಿಕಲ್ ಇಲ್ಲದ್ದೇ ಬೇಕು. ಸೋಪು ಬೇಕು, ಕೆಮಿಕಲ್ ಇರಬಾರದು. ಶಾಂಪೂ ಬೇಕು, ಕೆಮಿಕಲ್ ಇರಬಾರದು. ನೆಲ ಒರೆಸಿದರೆ ಕ್ರಿಮಿಗಳೆಲ್ಲ ಸಾಯಬೇಕು, ಆದರೆ ಸಾಯಿಸುವುದು ಕೆಮಿಕಲ್ ಆಗಿರಬಾರದು. ಬಹುಶಃ ಬೈದು ಸಾಯಿಸಬೇಕು.

ಅಂಗಡಿಯವನು ಇಲ್ಲ ಅನ್ನುತ್ತಾನೆಯೇ? ಅವನ ಬಳಿ ಸ್ಟಿಕ್ಕರ್ ಇದೆ.

ಸ್ಟಿಕ್ಕರ್ ಹಸಿರು. ಅದರ ಮೇಲೊಂದು ಎಲೆ. ಯಾವ ಗಿಡದ ಎಲೆ ಎಂದು ಯಾರೂ ಕೇಳಿಲ್ಲ. ಎಲೆ ಇದ್ದರೆ ಬೆಲೆ ಹೆಚ್ಚು, ಅಷ್ಟು ಗೊತ್ತಿದ್ದರೆ ಸಾಕು. ಪೊಟ್ಟಣ ತಿರುಗಿಸಿದರೆ ಹಿಂದೆ ಇರುವೆ ಸಾಲಿನಂಥ ಅಕ್ಷರ. ಒಳಗೇನಿದೆ ಎಂದು ಕಾನೂನಿಗೆ ಹೆದರಿ ಬರೆದದ್ದು ಅಲ್ಲಿ. ನಿಮ್ಮನ್ನು ಹೆದರಿಸಿ ಮಾರಲು ಬರೆದದ್ದು ಮುಂದೆ.

ನಾವು ಮುಂದಿನದನ್ನಷ್ಟೇ ಓದುತ್ತೇವೆ. ಹಿಂದಿನದನ್ನು ಓದಲು ಕನ್ನಡಕ ಬೇಕು. ಕನ್ನಡಕ ಹುಡುಕಲು ಪುರುಸೊತ್ತು ಬೇಕು. ಪುರುಸೊತ್ತೆಲ್ಲ ಕೆಮಿಕಲ್‌ಗಳ ಬಗ್ಗೆ ವಾಟ್ಸಾಪ್ ಸಂದೇಶ ಕಳಿಸುವುದರಲ್ಲಿ ಕಳೆದುಹೋಗಿದೆ.

ಕೆಮಿಕಲ್ ಇಲ್ಲದ ಮನೆ ಎಲ್ಲಿದೆ, ತೋರಿಸಿ ನೋಡೋಣ. ಪಿಯುಸಿಯಲ್ಲಿ ಕೆಮಿಸ್ಟ್ರಿ ಲ್ಯಾಬಿಗೆ ಹೆದರಿ ಕಾಮರ್ಸ್ ಸೇರಿದವರ ಅಡುಗೆಮನೆಯಲ್ಲೂ ಆ ಲ್ಯಾಬು ಇದೆ. ಬೋಂಡಾ ಹಿಟ್ಟಿಗೆ ಚಿಟಿಕೆ ಹಾಕುವುದು ಸೋಡಿಯಂ ಬೈಕಾರ್ಬೊನೇಟ್. ಹಪ್ಪಳದ ಖಾರ ಅದರ ದಾಯಾದಿ. ಫ್ರೈಡ್ ರೈಸಿಗೆ ಸುರಿಯುವ ವಿನೆಗರ್ ಎಂದರೆ ನೀರು ಬೆರೆಸಿದ ಅಸಿಟಿಕ್ ಆಮ್ಲ. ಅಗ್ಗದ ಬಾಟಲಿಯಾದರೆ ಸಿಂಥೆಟಿಕ್ ಎಂದು ಮೈಮೇಲೇ ಬರೆದುಕೊಂಡಿರುತ್ತದೆ, ಪಾಪ, ಪ್ರಾಮಾಣಿಕವಾಗಿ. ಎಲೆ ಅಡಿಕೆಗೆ ಸವರುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಉಗುರಿನ ಬಣ್ಣ ಅಳಿಸುವುದು ಅಸಿಟೋನ್. ಚಿಪ್ಸ್ ಪೊಟ್ಟಣದಲ್ಲಿ ಚಿಪ್ಸಿಗಿಂತ ಜಾಸ್ತಿ ಇರುವುದು ಸಾರಜನಕ.

ಮದುಮಗಳು ಹೊಸ್ತಿಲು ದಾಟುವ ಮುನ್ನ ಆರತಿ ಎತ್ತುತ್ತಾರಲ್ಲ, ಆ ಕೆಂಪು ನೀರು ಹೇಗೆ ಕೆಂಪಾಯಿತು? ಅರಿಶಿನದ ನೀರಿಗೆ ಚೂರು ಸುಣ್ಣ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಕಾಲೇಜಿನಲ್ಲಿ ಲಿಟ್ಮಸ್ ಕಾಗದ ಮಾಡುವ ಕೆಲಸವೇ ಇದು. ತಲೆಮಾರುಗಳಿಂದ ಈ ಪ್ರಯೋಗ ಮಾಡಿಕೊಂಡು ಬಂದ ಮನೆಯ ಹಿರಿಯಮ್ಮ ಆರತಿ ತಟ್ಟೆ ಕೆಳಗಿಟ್ಟು ಹೇಳುತ್ತಾರೆ: ‘ನಮ್ಮನೇಲಿ ಕೆಮಿಕಲ್ಲೇ ಬಳಸಲ್ಲಮ್ಮ.’

ಅವರನ್ನು ಬಿಡಿ. ಅವರಿಗೆ ಹಾಗೆ ಹೇಳಿಕೊಟ್ಟವರನ್ನು ಹಿಡಿಯಬೇಕು.

ಒಂದೇ ಸೋಡಾ ನೋಡಿ. ದಿನಸಿ ಅಂಗಡಿಯ ಮೂಲೆಯಲ್ಲಿ ಅದು ಪುಡಿಗಾಸಿನ ಅಡುಗೆ ಸೋಡಾ. ಮೆಡಿಕಲ್ ಸ್ಟೋರಿನಲ್ಲಿ ಸಿಟ್ರಿಕ್ ಆಮ್ಲದ ಜೊತೆ ಸೇರಿ ಈನೋ. ಪೊಟ್ಟಣದ ಮೇಲೆ ಸ್ವರ್ಜಿಕಾಕ್ಷಾರ, ನಿಂಬುಕಾಮ್ಲ ಎಂದು ಆಯುರ್ವೇದದ ಲೆಕ್ಕ. ಇಂದಿರಾನಗರದಂಥ ಕಡೆ ಗಾಜಿನ ಜಾಡಿಯೊಳಗೆ ಕೂತು, ಕುತ್ತಿಗೆಗೆ ಸೆಣಬಿನ ದಾರ ಕಟ್ಟಿಸಿಕೊಂಡರೆ ಪರಿಸರಸ್ನೇಹಿ ಕ್ಲೀನರ್. ಸೋಡಾಕ್ಕೆ ಏನೂ ಆಗಿಲ್ಲ. ಆದದ್ದೆಲ್ಲ ನಿಮ್ಮ ಪರ್ಸಿಗೆ.

ಪಟಿಕದ ಕತೆ ಇನ್ನೂ ಚೆಂದ. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಗಲ್ಲಕ್ಕೆ ಉಜ್ಜುವ ಕಲ್ಲು. ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್ ಅದರ ಪೂರ್ತಿ ಹೆಸರು. ಅದನ್ನೇ ನಯವಾಗಿ ಕೊರೆದು, ಕಂಕುಳಿಗೆ ಹಚ್ಚುವ ನೈಸರ್ಗಿಕ ಕಲ್ಲು ಎಂದು ಮಾರುತ್ತಾರೆ. ಕೊಳ್ಳುವವರು ಯಾರು? ಮಾಮೂಲಿ ಡಿಯೋಡರೆಂಟಿನಲ್ಲಿ ಅಲ್ಯೂಮಿನಿಯಂ ಇದೆಯೆಂದು ಹೆದರಿ ಓಡಿಬಂದವರು. ಅಲ್ಯೂಮಿನಿಯಂನಿಂದ ತಪ್ಪಿಸಿಕೊಂಡು ಅಲ್ಯೂಮಿನಿಯಂನ ಕೈಗೇ ಸಿಕ್ಕಿಬಿದ್ದಿದ್ದಾರೆ. ಹೆಚ್ಚು ದುಡ್ಡು ಕೊಟ್ಟು.

ಈಗ ಬೆಲ್ಲಕ್ಕೆ ಬನ್ನಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮಂಡ್ಯದ ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಕೊಳೆ ಮೇಲೆ ಬರಲಿ ಎಂದು ಸುಣ್ಣ ಹಾಕುತ್ತಾರೆ. ಬೆಂಡೆ ಗಿಡದ ಲೋಳೆ ಹಾಕುವ ಪದ್ಧತಿಯೂ ಇತ್ತು. ಹಾಗೆ ಇಳಿದ ಬೆಲ್ಲ ಕಂದು ಬಣ್ಣದ್ದು. ಕಬ್ಬು ಇರುವುದೇ ಹಾಗೆ, ಬೆಲ್ಲ ಆಗುವುದೇ ಹಾಗೆ.

ಪೇಟೆಯವರಿಗೆ ಅದು ಸೇರಲಿಲ್ಲ. ಪಾಯಸ ಕಪ್ಪಾಗುತ್ತದಂತೆ. ಹೋಳಿಗೆ ಹೂರಣಕ್ಕೆ ಕಳೆ ಬರುವುದಿಲ್ಲವಂತೆ. ಮಾರುಕಟ್ಟೆಯಲ್ಲಿ ಹೊನ್ನಿನ ಬಣ್ಣದ ಅಚ್ಚಿಗೆ ಒಂದು ರೇಟು, ಕಂದು ಅಚ್ಚಿಗೆ ಇನ್ನೊಂದು ರೇಟು. ಸಾಲ ಮಾಡಿ ಕಬ್ಬು ಅರೆಯುವವನು ಏನು ಮಾಡಬೇಕು? ಕೊಪ್ಪರಿಗೆಗೆ ಹೈಡ್ರೋಸ್ ಬಂತು. ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಸಾಮಾನು. ಹಾಕಿದರೆ ಬೆಲ್ಲ ಬೆಳ್ಳಗೆ, ಹಳದಿಗೆ, ನೋಡಿದವರ ಕಣ್ಣಿಗೆ ಹಬ್ಬ.

ಬಣ್ಣ ಕೇಳಿದವರು ನಾವು. ಹಾಕಿದವನು ಅವನು. ಬೈಸಿಕೊಳ್ಳುವವನೂ ಅವನೇ.

ಮುಂದೆ ಪೇಟೆಗೆ ಜ್ಞಾನೋದಯವಾಯಿತು. ಬೆಲ್ಲಕ್ಕೆ ಕೆಮಿಕಲ್ ಹಾಕುತ್ತಾರಂತೆ! ಆಗ ಅದೇ ಕಂದು ಬೆಲ್ಲ, ಒಂದು ಕಾಲದಲ್ಲಿ ಮೂಗು ಮುರಿದು ಪಕ್ಕಕ್ಕೆ ತಳ್ಳಿದ್ದು, ಆರ್ಗ್ಯಾನಿಕ್ ಎಂಬ ಬಿರುದು ಹೊತ್ತು ದುಬಾರಿ ಬೆಲೆಗೆ ಮರಳಿ ಬಂತು. ಈಗ ಕಪ್ಪಗಿದ್ದರೆ ಶುದ್ಧ. ಹಳದಿಯಾಗಿದ್ದರೆ ವಿಷ. ನಮ್ಮ ಪ್ರಯೋಗಾಲಯ ನಮ್ಮ ಕಣ್ಣು.

ಬೆಲ್ಲ ಕಪ್ಪಾಗಿಸುವುದು ಎಷ್ಟು ಹೊತ್ತಿನ ಕೆಲಸ, ಸ್ವಾಮಿ? ಪಾಕ ಇನ್ನೊಂದಿಷ್ಟು ಕಾಯಿಸಿದರೆ ಯಾವ ಬೆಲ್ಲವೂ ಕಪ್ಪಾಗುತ್ತದೆ. ಹೈಡ್ರೋಸಿನ ಖರ್ಚೂ ಉಳಿಯುತ್ತದೆ.

ಬಣ್ಣಕ್ಕೆ ಬಿದ್ದವರು ನಾವು ಎಂಬುದಕ್ಕೆ ಇನ್ನೊಂದು ಸಾಕ್ಷಿ ಪ್ರತಿ ಸಂಜೆ ರಸ್ತೆ ಬದಿಯ ಬಾಣಲೆಯಲ್ಲಿ ಬೇಯುತ್ತದೆ. ಗೋಬಿ ಮಂಚೂರಿ. ಹೂಕೋಸು ಬಿಳಿ. ಮೈದಾ ಬಿಳಿ. ಜೋಳದ ಹಿಟ್ಟು ಬಿಳಿ. ತಟ್ಟೆಗೆ ಬಂದದ್ದು ಮಾತ್ರ ಟ್ರಾಫಿಕ್ ಸಿಗ್ನಲ್ ಕೆಂಪು. ನಡುವೆ ಏನು ನಡೆಯಿತು ಎಂದು ಕೇಳದೆ ತಿನ್ನುವುದು ನಮ್ಮ ಸಂಸ್ಕಾರ.

2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಎಚ್ಚೆತ್ತಿತು. ಗೋಬಿಯಲ್ಲೂ ಬಾಂಬೆ ಮಿಠಾಯಿಯಲ್ಲೂ ರೋಡಮಿನ್-ಬಿ ಬಳಸುವಂತಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಘೋಷಿಸಿದರು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ ನೂರಕ್ಕೂ ಹೆಚ್ಚು ಮಾದರಿಗಳಲ್ಲಿ ಬೇಡದ ಬಣ್ಣ ಸಿಕ್ಕಿತ್ತು. ತಪ್ಪು ಮಾಡಿದವರಿಗೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ.

ಒಳ್ಳೆಯದೇ. ಒಂದೇ ಒಂದು ಸಣ್ಣ ವಿಚಾರ. ರೋಡಮಿನ್-ಬಿ ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ. ಆಹಾರಕ್ಕೆ ಹಾಕಬಹುದಾದ ಕೃತಕ ಬಣ್ಣಗಳ ಪಟ್ಟಿ ದೇಶದ ಕಾನೂನಿನಲ್ಲಿ ಮೊದಲಿನಿಂದಲೂ ಇದೆ. ಬೆರಳೆಣಿಕೆಯಷ್ಟು ಬಣ್ಣಗಳು. ಆ ಪಟ್ಟಿಯಲ್ಲಿ ರೋಡಮಿನ್-ಬಿ ಇರಲೇ ಇಲ್ಲ. ಅಂದರೆ ನಿಷೇಧವಾಗಿದ್ದನ್ನೇ ಮತ್ತೆ ನಿಷೇಧಿಸಿದರು. ಮೊದಲ ನಿಷೇಧ ಎಲ್ಲಿತ್ತು? ಕಡತದಲ್ಲಿ. ಎರಡನೆಯದು? ಪತ್ರಿಕಾಗೋಷ್ಠಿಯಲ್ಲಿ.

ಜೂನ್ ತಿಂಗಳಲ್ಲಿ ಕಬಾಬಿನ ಸರದಿ. ಅದಾದ ಮೇಲೆ ಪಾನಿಪುರಿಯ ಮಾದರಿಗಳು ಲ್ಯಾಬಿಗೆ ಹೋದವು. 2025ರ ಫೆಬ್ರವರಿಯಲ್ಲಿ ಇಡ್ಲಿ. ರಾಜ್ಯದ 251 ಕಡೆ ನೋಡಿದರೆ 52 ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಹಬೆಗೆ ಬಿಸಿಯಾದ ಪ್ಲಾಸ್ಟಿಕ್ಕು, ಅದರ ಮೇಲೆ ಮಲ್ಲಿಗೆಯಂಥದ್ದು ಎಂದು ನಾವು ಕೊಂಡಾಡುವ ಇಡ್ಲಿ. ಹೀಗೆ ಒಂದೊಂದೇ ತಿಂಡಿ ಹಿಡಿದು ನಿಷೇಧಿಸುತ್ತ ಹೋದರೆ ಮೆನು ಕಾರ್ಡ್ ಮುಗಿಯುವ ಹೊತ್ತಿಗೆ ಮೂರು ಸರ್ಕಾರ ಬದಲಾಗಿರುತ್ತವೆ.

ಗೋಬಿ ಗಾಡಿಯವನನ್ನೇ ಖಳನಾಯಕ ಮಾಡುವುದು ಸುಲಭ. ನಿಷೇಧ ಬಂದ ವಾರ ಅವನು ಬಣ್ಣ ಬಿಟ್ಟಿದ್ದ. ಆಗ ಗಿರಾಕಿ ಏನು ಹೇಳಿದ? ‘ಏನಣ್ಣಾ, ಇವತ್ತು ಗೋಬಿ ಬಿಳಿಚಿಕೊಂಡಿದೆ?’ ಬೆಳಿಗ್ಗೆ ಮನೆಯ ಗುಂಪಿನಲ್ಲಿ ಸಚಿವರ ಹೇಳಿಕೆಯನ್ನು ಹಂಚಿಕೊಂಡವನೂ ಅವನೇ.

ಅರಿಶಿನಕ್ಕೂ ಇದೇ ಗತಿ. ಗಾಢ ಹಳದಿ ಇದ್ದರೆ ಊರಿನ ಅಸಲಿ ಅರಿಶಿನವಂತೆ. ಆ ಹೊಳಪು ತರಲು ಸೀಸದ ಕ್ರೋಮೇಟ್ ಬಳಿಯುವ ಕಳ್ಳತನ ಹಳೆಯದು. ಸೀಸ ಮಕ್ಕಳ ಮಿದುಳನ್ನು ತಿನ್ನುತ್ತದೆ. ಲೇಬಲ್ ಇರುವ ಪೊಟ್ಟಣವನ್ನು ಅನುಮಾನದಿಂದ ನೋಡುವ ನಾವು ಬಿಡಿಯಾಗಿ ಸಿಕ್ಕ ಪುಡಿಯನ್ನು ಕಣ್ಣಿಗೊತ್ತಿಕೊಂಡು ತರುತ್ತೇವೆ. ಲೇಬಲ್ ಇಲ್ಲ, ಆದ್ದರಿಂದ ಕೆಮಿಕಲ್ ಇಲ್ಲ. ಎಂಥ ತರ್ಕ!

ಸೋಪಿನ ವಿಷಯಕ್ಕೆ ಬಂದರೆ ನನಗೆ ರಕ್ತದೊತ್ತಡ ಏರುತ್ತದೆ.

ಭಾನುವಾರದ ಸಾವಯವ ಸಂತೆಗೆ ಹೋಗಿ. ಬಾಳೆನಾರಿನಲ್ಲಿ ಕಟ್ಟಿದ ಸೋಪಿನ ಬಿಲ್ಲೆ. ಕೈಯಿಂದ ಮಾಡಿದ್ದು, ಕೆಮಿಕಲ್ ಇಲ್ಲದ್ದು, ಇನ್ನೂರೈವತ್ತು ರೂಪಾಯಿ. ಎಣ್ಣೆಗೆ ಕಾಸ್ಟಿಕ್ ಸೋಡಾದಂಥ ಕ್ಷಾರ ಸೇರಿದರೆ ಸೋಪು. ಸೇರದಿದ್ದರೆ ಅದು ಎಣ್ಣೆ. ಮೂರನೇ ದಾರಿ ಇಲ್ಲ. ಕಾಸ್ಟಿಕ್ ಸೋಡಾ ಅಂದರೆ ಕಟ್ಟಿಕೊಂಡ ಚರಂಡಿ ಪೈಪಿಗೆ ಸುರಿಯುವ ಅದೇ ಸಾಮಾನು, ಚರ್ಮಕ್ಕೆ ಬಿದ್ದರೆ ಸುಡುವಂಥದ್ದು. ಹದವಾಗಿ ಮಾಡಿದ ಸೋಪಿನಲ್ಲಿ ಅದು ಉಳಿಯುವುದಿಲ್ಲ. ಎಣ್ಣೆಯ ಜೊತೆ ಕೂಡಿ ಬೇರೆಯೇ ವಸ್ತುವಾಗುತ್ತದೆ. ಇದನ್ನು ನೇರವಾಗಿ ಹೇಳಬಹುದಿತ್ತು. ಹೇಳಿದರೆ ಇನ್ನೂರೈವತ್ತು ಯಾರು ಕೊಡುತ್ತಾರೆ?

ಅದೇ ಸಂತೆಯಲ್ಲಿ ಸೀಗೆಕಾಯಿ, ಅಂಟುವಾಳ. ಅವುಗಳ ನೊರೆ ಬರುವುದು ಸಪೋನಿನ್ ಎಂಬ ರಾಸಾಯನಿಕದಿಂದ. ಕಣ್ಣಿಗೆ ಬಿದ್ದರೆ ಉರಿಯುವುದೂ ಅದರಿಂದಲೇ. ಶನಿವಾರದ ಎಣ್ಣೆಸ್ನಾನದಲ್ಲಿ ಅತ್ತ ಮಕ್ಕಳಿಗೆ ಇದು ಗೊತ್ತಿತ್ತು. ದೊಡ್ಡವರಾಗಿ ಮರೆತಿದ್ದಾರೆ.

ಮೈಸೂರು ಸ್ಯಾಂಡಲ್ ಸೋಪು ಎಂದರೆ ನಮ್ಮ ಎದೆ ಉಬ್ಬುತ್ತದೆ. ಉಬ್ಬಲಿ. ಮೊದಲ ಮಹಾಯುದ್ಧದ ಗದ್ದಲದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಿತು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ತೆಗೆಯಲು ಶುರು ಮಾಡಿದರು. ಅದರಿಂದ ಸೋಪು ಮಾಡಬೇಕೆಂದಾಗ ನಾಲ್ವಡಿಯವರೂ ವಿಶ್ವೇಶ್ವರಯ್ಯನವರೂ ಯಾರನ್ನು ಹುಡುಕಿದರು? ಬಾಬಾಗಳನ್ನಲ್ಲ. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರನ್ನು. ಇಂಗ್ಲೆಂಡಿಗೆ ಕಳಿಸಿ ಸೋಪಿನ ವಿದ್ಯೆ ಕಲಿಸಿದರು. ಕೆಮಿಸ್ಟ್ರಿ ಓದಿದವನನ್ನು ಹಡಗು ಹತ್ತಿಸಿ ಕಳಿಸಿದ ರಾಜ್ಯ, ನೂರು ವರ್ಷ ಕಳೆದ ಮೇಲೆ ಕೆಮಿಸ್ಟ್ರಿಯ ಹೆಸರು ಕೇಳಿದರೆ ಬೆಚ್ಚುತ್ತಿದೆ.

2025ರಲ್ಲಿ ಆ ಸೋಪಿಗೆ ತಮನ್ನಾ ಭಾಟಿಯಾ ರಾಯಭಾರಿ. ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ. ರಾಜ್ಯವೆಲ್ಲ ಕೂಗಾಡಿತು. ಕನ್ನಡದ ನಟಿ ಯಾಕಿಲ್ಲ? ಸರಿಯಾದ ಪ್ರಶ್ನೆಯೇ. ಆದರೆ ಯಾವ ಸೋಪಿನ ಹೊದಿಕೆಯ ಮೇಲಾದರೂ ಟಿಎಫ್‌ಎಂ ಎಂದು ಒಂದು ಸಂಖ್ಯೆ ಇರುತ್ತದಲ್ಲ, ಬಿಲ್ಲೆಯಲ್ಲಿ ಕೊಬ್ಬಿನಾಮ್ಲ ಎಷ್ಟಿದೆ ಎಂದು ಹೇಳುವುದು, ಅದನ್ನು ಕೇಳಿದವರು ಆ ಗಲಾಟೆಯಲ್ಲಿ ಕಾಣಲಿಲ್ಲ. 76 ಇದ್ದರೆ ಮೊದಲ ದರ್ಜೆ, 70 ಎರಡನೆಯದು, 60 ಮೂರನೆಯದು. ಎಷ್ಟೋ ಬಿಲ್ಲೆಗಳ ಮೇಲೆ ಸೋಪು ಎಂಬ ಪದವೇ ಇಲ್ಲ, ಬಾತಿಂಗ್ ಬಾರ್ ಎಂದಿದೆ. ಸೋಪು ಅನ್ನುವ ಧೈರ್ಯ ಕಂಪನಿಗಿಲ್ಲ. ನೋಡುವ ಅಭ್ಯಾಸ ನಮಗಿಲ್ಲ. ಇಬ್ಬರಿಗೂ ಒಳ್ಳೆಯ ಹೊಂದಾಣಿಕೆ.

ಇಷ್ಟೆಲ್ಲ ಹೆದರುವ ನಾವು ನಿಜವಾಗಿ ಹೆದರಬೇಕಾದಲ್ಲಿ ಏನು ಮಾಡುತ್ತೇವೆ?

ಬೆಳಿಗ್ಗೆ ಓಣಿಯಲ್ಲಿ ಗಾಡಿ ಬರುತ್ತದೆ. ‘ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಪೌಡರ್!’ ಆಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಹಳೆಯ ನೀರಿನ ಬಾಟಲಿಯಲ್ಲಿ ತುಂಬಿರುತ್ತಾರೆ. ಪ್ರಮಾಣ ಎಷ್ಟು? ಗೊತ್ತಿಲ್ಲ. ಯಾರು ಮಾಡಿದ್ದು? ಗೊತ್ತಿಲ್ಲ. ಹಸಿರೆಲೆ ಇಲ್ಲ, ಇರುವೆ ಸಾಲೂ ಇಲ್ಲ, ಲೇಬಲ್ಲೇ ಇಲ್ಲ. ಶಾಂಪೂವಿನಲ್ಲಿ ಸಲ್ಫೇಟ್ ಇದೆಯೇ ಎಂದು ಅರ್ಧ ಗಂಟೆ ಅಂಗಡಿಯಲ್ಲಿ ನಿಲ್ಲುವ ಮಹಾತಾಯಿ ಇಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ಸ್ಟ್ರಾಂಗ್ ಇದೆಯೇನಪ್ಪ?’

ಆಸಿಡ್ ದಾಳಿಗೆ ತುತ್ತಾದ ಲಕ್ಷ್ಮಿ ಎಂಬ ಹೆಣ್ಣುಮಗಳು ಹೂಡಿದ ಮೊಕದ್ದಮೆಯಲ್ಲಿ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿಯಮ ಹಾಕಿತು. ಆಸಿಡ್ ಮಾರುವವನು ದಾಖಲೆ ಪುಸ್ತಕ ಇಡಬೇಕು. ಕೊಳ್ಳುವವರು ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು, ಏಕೆ ಬೇಕೆಂದು ಹೇಳಬೇಕು. ಹದಿನೆಂಟು ತುಂಬದವರಿಗೆ ಕೊಡುವಂತಿಲ್ಲ. ಆ ಗಾಡಿಯಲ್ಲಿ ಪುಸ್ತಕ ನೋಡಿದ್ದೀರಾ? ಸಿಮ್ ಕಾರ್ಡಿಗೆ ಆಧಾರ್ ಕೊಟ್ಟಿದ್ದೀರಿ, ಗ್ಯಾಸಿಗೆ ಕೊಟ್ಟಿದ್ದೀರಿ. ಮನುಷ್ಯರ ಮುಖ ಕರಗಿಸುವ ದ್ರವಕ್ಕೆ ಚಿಲ್ಲರೆ ಕೊಟ್ಟರೆ ಸಾಕು.

ತಂದ ಮೇಲೆ ಇನ್ನೊಂದು ಸಾಹಸ. ಆಸಿಡ್ ಒಂದರಿಂದ ಕಲೆ ಹೋಗಲಿಲ್ಲವೆಂದು ಮೇಲೊಂದಿಷ್ಟು ಬ್ಲೀಚಿಂಗ್ ಪೌಡರ್. ಎರಡೂ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದನ್ನೇ. ಅವರಿಗೆ ಬಯಲು ಬೇಕಾಯಿತು. ನಮಗೆ ಕಿಟಕಿ ಮುಚ್ಚಿದ ಬಚ್ಚಲುಮನೆ ಸಾಕು. ಕೆಮ್ಮುತ್ತ ಹೊರಗೆ ಬಂದು ಹೇಳುವ ಮಾತು, ‘ಈಗ ನೋಡು, ಎಷ್ಟು ಕ್ಲೀನು!’ ಕೆಮ್ಮುವವಳು ಬಹಳ ಸಲ ಮನೆಗೆಲಸದವಳು. ಹೇಳುವವರು ಹೊರಗೆ ಸೋಫಾದ ಮೇಲೆ.

ಬೀರುವಿನಲ್ಲಿ ನುಸಿಗುಳಿಗೆ. ನಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಗುವಿಗೆ ಅದರ ಆವಿ ತಾಗಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಯುರೋಪಿನಲ್ಲಿ 2008ರಲ್ಲೇ ನಿಷೇಧಿಸಿದರು. ನಮ್ಮಲ್ಲಿ ಅದು ಅಜ್ಜಿಯ ಸೀರೆಯ ಘಮ. ಅದರ ಮೇಲೆ ಲಲಿತ ಪ್ರಬಂಧ ಬರೆಯುತ್ತಾರೆ. ಬಾಣಂತಿ ಮನೆಯ ಹಳೆ ಬಟ್ಟೆಯ ಗಂಟಿನಲ್ಲೂ ಎರಡು ಗುಳಿಗೆ ಉರುಳಾಡುತ್ತಿರುತ್ತವೆ. ಮಗುವಿನ ಎಣ್ಣೆ ಮಾತ್ರ ಪ್ಯಾರಬೆನ್ ಇಲ್ಲದ್ದು, ಆನ್‌ಲೈನಿನಲ್ಲಿ ತರಿಸಿದ್ದು.

ಕೊರೊನಾ ಬಂದ 2020ರಲ್ಲಿ ನಮ್ಮ ಬಣ್ಣ ಪೂರ್ತಿ ಬಯಲಾಯಿತು. ಕೆಮಿಕಲ್ ಎಂದರೆ ದೂರ ಹಾರುತ್ತಿದ್ದವರು ಟೊಮೆಟೊಗೆ ಪಾತ್ರೆ ತೊಳೆಯುವ ಸೋಪು ಹಚ್ಚಿದರು. ಬೀದಿಗೆ, ಮರಕ್ಕೆ, ಗೇಟಿಗೆ ಸೋಡಿಯಂ ಹೈಪೋಕ್ಲೋರೈಟ್ ಎರಚಿದರು. ಬರೇಲಿಯಲ್ಲಿ ಊರಿಗೆ ಮರಳಿದ ಕೂಲಿಕಾರರನ್ನು ಹೆಂಗಸರು ಮಕ್ಕಳ ಸಮೇತ ರಸ್ತೆಯ ಮೇಲೆ ಕೂರಿಸಿ ಪೈಪು ಹಿಡಿದು ಅದೇ ದ್ರವ ಸಿಂಪಡಿಸಿದರು. ಆ ಪೈಪಿನ ಎದುರು ಕೂತವರಿಗೆ ಹಸಿರೆಲೆ ಯಾರೂ ತೋರಿಸಲಿಲ್ಲ.

ಇನ್ನು ಇವೆಲ್ಲ ಚರಂಡಿಯಿಂದ ಎಲ್ಲಿಗೆ ಹೋಗುತ್ತವೆ? ನಮ್ಮ ಮನೆಯ ಹೊಸ್ತಿಲು ದಾಟಿದರೆ ಕೆಮಿಕಲ್ ಮಾಯವಾಗುತ್ತದೆ ಎಂಬುದು ನಮ್ಮ ನಂಬಿಕೆ. ಬೆಳ್ಳಂದೂರು ಕೆರೆ ಈ ನಂಬಿಕೆಗೆ ನೊರೆ ಕಟ್ಟಿ ತೋರಿಸಿತು. ನಗರದ ಬಟ್ಟೆ ಪುಡಿ, ಪಾತ್ರೆ ಸೋಪು, ಶಾಂಪೂ, ಜೊತೆಗೆ ಶುದ್ಧೀಕರಿಸದ ಕೊಳಚೆ. 2015ರಲ್ಲಿ ನೊರೆಗೆ ಬೆಂಕಿ ಹೊತ್ತಿಕೊಂಡಿತು. 2017ರಲ್ಲಿ ಮತ್ತೆ ಕೆರೆಯಲ್ಲಿ ಬೆಂಕಿ. 2018ರ ಜನವರಿಯಲ್ಲಿ ಸೈನಿಕರೇ ಇಳಿದು ಆರಿಸಬೇಕಾಯಿತು. ನೀರು ಬೆಂಕಿ ಆರಿಸುತ್ತದೆ ಎಂದು ಒಂದನೇ ಕ್ಲಾಸಿನಲ್ಲಿ ಕಲಿತದ್ದನ್ನು ಬೆಂಗಳೂರು ಸುಳ್ಳು ಮಾಡಿತು.

ನೊರೆ ರಸ್ತೆಗೆ ಹಾರದಿರಲಿ ಎಂದು ಆಡಳಿತ ಕೈಗೊಂಡ ಕ್ರಮ ಏನು? ರಸ್ತೆ ಬದಿಗೆ ಜಾಲರಿ ಕಟ್ಟಿತು. ನೊರೆಗೆ ಬೇಲಿ. ಬೈಕಿನವರ ಅಂಗಿ ಉಳಿಯಿತು, ಕೆರೆಯದು ಕೆರೆಗೆ.

ಅದೇ ಕೆರೆಯ ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಸಾವಯವ ತರಕಾರಿಗೆ ಪ್ರತ್ಯೇಕ ವಾಟ್ಸಾಪ್ ಗುಂಪಿದೆ. ಕೊಳಚೆ ಶುದ್ಧೀಕರಣ ಘಟಕದ ಮೋಟಾರು ರಾತ್ರಿ ಓಡುತ್ತದೆಯೋ, ಕರೆಂಟು ಬಿಲ್ಲು ಉಳಿಸಲು ನಿಲ್ಲಿಸುತ್ತಾರೋ ಎಂದು ಕೇಳಲು ಗುಂಪಿಲ್ಲ. ಕೇಳಿದರೆ ನಿರ್ವಹಣಾ ಶುಲ್ಕ ಏರುತ್ತದೆ. ಆರೋಗ್ಯಕ್ಕೂ ಒಂದು ಮಿತಿ ಬೇಡವೇ?

ಉಪ್ಪಿನ ಸಂದೇಶ ನಿಮಗೂ ಬಂದಿರುತ್ತದೆ. ಬಂದಿಲ್ಲವಾದರೆ ನೀವು ಯಾರಿಗೂ ಬೇಕಾದವರಲ್ಲ. ಪುಡಿ ಉಪ್ಪಿನಲ್ಲಿ ಸೈನೈಡ್ ಇದೆ, ಕೂಡಲೇ ಹತ್ತು ಜನಕ್ಕೆ ಕಳಿಸಿ. ವಿಷಯ ಇಷ್ಟು: ಉಪ್ಪು ಗಂಟು ಕಟ್ಟದಿರಲಿ ಎಂದು ಪೊಟ್ಯಾಸಿಯಂ ಫೆರೊಸೈನೈಡ್ ಸೇರಿಸುತ್ತಾರೆ. ಪೊಟ್ಟಣದ ಹಿಂದೆ 536 ಎಂದು ಬರೆದಿರುತ್ತದೆ. ನಮ್ಮ ಕಾನೂನಿನಲ್ಲಿ ಕಿಲೋಗೆ ಹತ್ತು ಮಿಲಿಗ್ರಾಂ ಮಿತಿ. ಅದರೊಳಗಿನ ಸೈನೈಡ್ ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಹೊಟ್ಟೆಯಲ್ಲಿ ಸಲೀಸಾಗಿ ಬಿಡಿಸಿಕೊಂಡು ಬರುವುದಿಲ್ಲ. ಆ ಪ್ರಮಾಣದಲ್ಲಿ ಸಾಯಬೇಕೆಂದರೆ ಅದಕ್ಕೂ ಮೊದಲು ಉಪ್ಪೇ ನಿಮ್ಮನ್ನು ಮುಗಿಸಿರುತ್ತದೆ.

ಇದನ್ನೆಲ್ಲ ಕೇಳಲು ಪುರುಸೊತ್ತಿಲ್ಲ. ಗುಲಾಬಿ ಉಪ್ಪಿಗೆ ಹಾರಿದೆವು. ಹಿಮಾಲಯದ್ದಂತೆ, ಪವಿತ್ರವಂತೆ, ಉಪವಾಸಕ್ಕೆ ಶ್ರೇಷ್ಠವಂತೆ. ಅದರಲ್ಲಿ ಬಹುಪಾಲು ಬರುತ್ತಿದ್ದುದು ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ಖೇವ್ರಾ ಗಣಿಯಿಂದ. 2025ರ ಮೇ ತಿಂಗಳಲ್ಲಿ ಅಲ್ಲಿಂದ ಎಲ್ಲ ಆಮದನ್ನೂ ಸರ್ಕಾರ ನಿಲ್ಲಿಸಿತು. ಅಲ್ಲಿಯವರೆಗೆ ನಮ್ಮ ಏಕಾದಶಿಯ ಪಾವಿತ್ರ್ಯವನ್ನು ಯಾವ ದೇಶದ ಕಾರ್ಮಿಕರು ಅಗೆದು ಕಳಿಸುತ್ತಿದ್ದರೋ, ಅದೇ ದೇಶದ ಕ್ರಿಕೆಟ್ ಮ್ಯಾಚು ಬೇಡವೆಂದು ನಾವು ಅದೇ ಊಟದ ಮೇಜಿನಲ್ಲಿ ಗುಡುಗುತ್ತಿದ್ದೆವು.

ಗುಲಾಬಿ ಉಪ್ಪಿನಲ್ಲಿ ಸಾಮಾನ್ಯವಾಗಿ ಇಲ್ಲದ್ದು ಅಯೋಡಿನ್. ಪುಡಿ ಉಪ್ಪಿಗೆ ಸರ್ಕಾರ ಹಟ ಹಿಡಿದು ಸೇರಿಸಿದ ಕೆಮಿಕಲ್ಲು ಅದು, ಪೊಟ್ಯಾಸಿಯಂ ಅಯೋಡೇಟ್. ಚಿಕ್ಕಮಗಳೂರು, ಕೊಡಗಿನ ಕಡೆ ಹಿಂದಿನವರ ಕುತ್ತಿಗೆಯಲ್ಲಿ ಗಳಗಂಡ ಊದಿಕೊಂಡಿರುತ್ತಿತ್ತಲ್ಲ, ಅದನ್ನು ಇಳಿಸಿದ್ದು ಈ ಕೆಮಿಕಲ್ಲು. ಗರ್ಭದಲ್ಲಿನ ಮಗುವಿನ ಬುದ್ಧಿ ಬೆಳೆಯಲೂ ಇದೇ ಬೇಕು. ಹಲವು ಪಟ್ಟು ಬೆಲೆ ಕೊಟ್ಟು ಅದನ್ನು ಬಿಟ್ಟಿದ್ದೇವೆ.

ಸೈನೈಡಿನ ಭಯ ಇಷ್ಟೊಂದು ಇದ್ದರೆ ಕೋಲಾರದ ಚಿನ್ನದ ಗಣಿಯ ಕಡೆ, ಕೆಜಿಎಫ್‌ಗೆ, ಒಮ್ಮೆ ಹೋಗಿಬನ್ನಿ. ಬೆಂಗಳೂರಿನಿಂದ ನೂರು ಕಿಲೋಮೀಟರ್ ದೂರ. ಅದಿರು ಪುಡಿ ಮಾಡಿ, ಸೈನೈಡ್ ದ್ರಾವಣ ಹಾಯಿಸಿ ಚಿನ್ನ ತೆಗೆದರು. ಉಳಿದ ಪುಡಿಯನ್ನು ಊರ ನಡುವೆಯೇ ರಾಶಿ ಹಾಕಿದರು. ಒಂದಲ್ಲ, ಹದಿಮೂರು. ಕೋಟಿಗಟ್ಟಲೆ ಟನ್. ಅಲ್ಲಿಯವರು ಕರೆಯುವುದೇ ಸೈನೈಡ್ ಗುಡ್ಡ ಎಂದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ ಅಧಿಕಾರಿಗಳು ಮನೆಗೆ ಹೋದರು. ಗುಡ್ಡಗಳು ಹೋಗಲಿಲ್ಲ. ಗಾಳಿಕಾಲ ಬಂದರೆ ಆ ಬೂದು ಪುಡಿ ಎದ್ದು ಬೀದಿಗೆ, ಹಿತ್ತಲಿಗೆ, ಅನ್ನದ ತಟ್ಟೆಗೆ ಬರುತ್ತದೆ. ಕೆಮ್ಮು, ಚರ್ಮದ ತುರಿಕೆ ಅಲ್ಲಿ ರೋಗವಲ್ಲ, ಋತು.

ಸಿನಿಮಾದವರಿಗೆ ಆ ಗುಡ್ಡ ಇಷ್ಟ. ಅಲ್ಲಿ ಹೊಡೆದಾಟ ಚಿತ್ರೀಕರಿಸಿದರೆ ಧೂಳು ಚೆನ್ನಾಗಿ ಏಳುತ್ತದೆ.

ಸರ್ಕಾರಕ್ಕೂ ಕೊನೆಗೆ ನೆನಪಾಯಿತು. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಆ ಹದಿಮೂರು ಗುಡ್ಡಗಳನ್ನು ಮತ್ತೆ ಜಾಲಾಡಲು ಒಪ್ಪಿಗೆ ಕೊಟ್ಟಿತು. ಜನರ ಶ್ವಾಸಕೋಶದಲ್ಲಿ ಏನು ಉಳಿದಿದೆ ಎಂದು ನೋಡಲು ಅಲ್ಲ. ಪುಡಿಯಲ್ಲಿ ಇನ್ನೂ ಚಿನ್ನ ಉಳಿದಿದೆಯಂತೆ.

ಉಪ್ಪಿನಲ್ಲಿ ಸೈನೈಡ್ ಇದೆಯೆಂಬ ಆ ಸಂದೇಶ ಸುತ್ತುತ್ತ ಸುತ್ತುತ್ತ ಕೆಜಿಎಫ್‌ಗೂ ಹೋಗಿರುತ್ತದೆ. ಅಲ್ಲಿ ಅದನ್ನು ಓದುವವರು ಮೊದಲು ಮೊಬೈಲಿನ ಮೇಲೆ ಕೂತ ಪುಡಿ ಒರೆಸಿಕೊಳ್ಳಬೇಕು.